ಬಾಣಂತಿಯ ರೋಜಾ: ಬಿಡುವ ಹಕ್ಕು, ತೀರಿಸುವ ಹೊಣೆ



ರಂಜಾನ್ ತಿಂಗಳಲ್ಲಿ ಮನೆಯಲ್ಲೊಬ್ಬ ಬಾಣಂತಿ ಇದ್ದರೆ ಅವಳು ಉಣ್ಣಬೇಕೋ, ರೋಜಾ, ಅಂದರೆ ಉಪವಾಸ, ಇರಬೇಕೋ? ಈ ಪ್ರಶ್ನೆಗೆ ಇಸ್ಲಾಮಿನ ಧರ್ಮಶಾಸ್ತ್ರ ಸಾವಿರ ವರ್ಷಕ್ಕೂ ಹಿಂದೆಯೇ ಉತ್ತರ ಕೊಟ್ಟಿದೆ. ಆದರೂ ಬೆಳಗಾವಿಯ ದರ್ಬಾರ್ ಗಲ್ಲಿ, ಆಜಮ್ ನಗರ, ಉಜ್ವಲ್ ನಗರಗಳಲ್ಲಿ, ಖಾನಾಪುರ ತಾಲೂಕಿನ ನಂದಗಡ, ಬೀಡಿ, ಲೋಂಡಾಗಳಲ್ಲಿ ಪ್ರತಿ ರಂಜಾನಿಗೂ ಈ ಪ್ರಶ್ನೆ ಹೊಸದಾಗಿ ಏಳುತ್ತದೆ. ಉತ್ತರ ಹೇಳುವವರು ಅತ್ತೆ, ನಾದಿನಿ, ಓಣಿಯ ಖಾಲಾ. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಹೊಂದುವುದಿಲ್ಲ. ಹೆತ್ತವಳು ಮಾತ್ರ ಕೂಸನ್ನು ಎದೆಗಾನಿಸಿಕೊಂಡು ಸುಮ್ಮನೆ ಕೇಳುತ್ತಿರುತ್ತಾಳೆ.

ನಾನು ಇವತ್ತು ಹೇಳಬೇಕಾದ್ದು ಇಷ್ಟು. ಬಾಣಂತಿಗೂ ಹಾಲೂಡಿಸುವ ತಾಯಿಗೂ ರೋಜಾದಿಂದ ಸಿಕ್ಕಿರುವ ಬಿಡುವು ಅವಳ ಹಕ್ಕು, ಮನೆಯವರು ದೊಡ್ಡ ಮನಸ್ಸು ಮಾಡಿ ಕೊಡುವ ಸವಲತ್ತಲ್ಲ. ಆ ಹಕ್ಕನ್ನು ಅವಳಿಗೆ ಅವಳ ಮಾತಿನಲ್ಲಿ ಯಾರೂ ಹೇಳಿಲ್ಲ. ಹೇಳಿದರೂ, ಬಿಟ್ಟ ರೋಜಾಗಳನ್ನು ಮುಂದೆ ತೀರಿಸುವ ಭಾರವನ್ನು ಅವಳೊಬ್ಬಳ ಹೆಗಲಿಗೇ ಹಾಕಿ ಉಳಿದವರು ಕೈತೊಳೆದುಕೊಂಡಿದ್ದೇವೆ.

ಮೊದಲು ಶಾಸ್ತ್ರದ ಮಾತು. ಹೆರಿಗೆಯ ನಂತರ ಹೋಗುವ ರಕ್ತಸ್ರಾವಕ್ಕೆ ನಿಫಾಸ್ ಎನ್ನುತ್ತಾರೆ. ನಿಫಾಸ್ ಇರುವಷ್ಟು ದಿನ ನಮಾಜೂ ಇಲ್ಲ, ರೋಜಾವೂ ಇಲ್ಲ. ಇಲ್ಲಿ ‘ಬೇಕಾದರೆ ಇರಬಹುದು’ ಎನ್ನುವ ಮಾತೇ ಬರುವುದಿಲ್ಲ. ಆ ದಿನಗಳಲ್ಲಿ ರೋಜಾ ಹಿಡಿದರೂ ಅದು ರೋಜಾ ಎನಿಸುವುದಿಲ್ಲ, ಹಿಡಿಯಲೂಬಾರದು. ಬೆಳಗಾವಿ ಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥದವರು. ಆ ಪಂಥದಲ್ಲಿ ನಿಫಾಸಿನ ಗರಿಷ್ಠ ಮಿತಿ 40 ದಿನ. ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ ಅದು 60 ದಿನ. ಪ್ರವಾದಿಯವರ ಕಾಲದಲ್ಲಿ ಬಾಣಂತಿಯರು ನಲವತ್ತು ದಿನ ಕೂರುತ್ತಿದ್ದರು ಎಂದು ಅವರ ಪತ್ನಿ ಉಮ್ಮು ಸಲಮಾ ಹೇಳಿದ ಮಾತು ಪ್ರವಾದಿಯವರ ನಡೆನುಡಿಗಳನ್ನು ದಾಖಲಿಸಿದ ಹದೀಸ್ ಗ್ರಂಥಗಳಲ್ಲಿದೆ. ನಮ್ಮ ಓಣಿಗಳಲ್ಲಿ ‘ಚಿಲ್ಲಾ’ ಎನ್ನುವುದು ಇದನ್ನೇ. ಚಿಲ್ಲಾ ಮುಗಿದ ದಿನ ತಾಯಿಗೆ ತಲೆಗೆ ನೀರು ಹಾಕಿ, ಹೊಸ ಸೀರೆಯೋ ಜೋಡಿಯೋ ಉಡಿಸಿ, ಕೂಸನ್ನು ಹೊರಗೆ ತರುವ ಸಂಭ್ರಮ ಎಲ್ಲ ಮನೆಗಳಲ್ಲೂ ಉಂಟು.

ಆದರೆ ಜನ ಮರೆತ ಸಂಗತಿ ಇಲ್ಲೊಂದಿದೆ. 40 ದಿನ ಎಂಬುದು ಮೇಲಿನ ಮಿತಿ. ಕೆಳಗಿನ ಮಿತಿ ಇಲ್ಲವೇ ಇಲ್ಲ. ಒಬ್ಬಳಿಗೆ 22ನೆಯ ದಿನಕ್ಕೇ ಸ್ರಾವ ಪೂರ್ತಿ ನಿಂತರೆ ಅವಳು ಗುಸ್ಲ್ ಮಾಡಿ, ಅಂದರೆ ಶುದ್ಧಿಯ ಸ್ನಾನ ಮುಗಿಸಿ, ಅಂದಿನಿಂದ ನಮಾಜು ಶುರು ಮಾಡಬೇಕು. ಚಿಲ್ಲಾ ಮುಗಿಯಲಿ ಎಂದು ಕಾಯುವಂತಿಲ್ಲ. ಇನ್ನೊಂದು ತೊಡಕೂ ಉಂಟು. 22ಕ್ಕೆ ನಿಂತ ಸ್ರಾವ 30ಕ್ಕೆ ಮತ್ತೆ ಕಾಣಿಸಿದರೆ, ನಡುವಿನ ದಿನಗಳೂ ನಿಫಾಸಿನಲ್ಲೇ ಸೇರಿದವು ಎಂದು ಹನಫಿ ಪಂಥ ಎಣಿಸುತ್ತದೆ. ಆ ನಡುವೆ ಅವಳು ಹಿಡಿದ ರೋಜಾಗಳು ಲೆಕ್ಕಕ್ಕೆ ಬರುವುದಿಲ್ಲ, ಅವನ್ನು ಮತ್ತೊಮ್ಮೆ ಹಿಡಿಯಬೇಕು. ಎಷ್ಟೋ ತಾಯಂದಿರು ಇದನ್ನು ಕೇಳಿ ಅತ್ತಿದ್ದಾರೆ. ಹಸಿದು ಬಳಲಿ ಹಿಡಿದ ಎಂಟು ರೋಜಾ ಹೋಯಿತಲ್ಲ ಎನ್ನುವ ದುಃಖ ಅದು. ಆ ಎಂಟು ದಿನದ ಹಸಿವು, ಆರಾಧನೆ ದೇವರಲ್ಲಿ ವ್ಯರ್ಥವಾಗಲಿಲ್ಲ, ರೋಜಾದ ಬಾಕಿ ಮಾತ್ರ ಉಳಿಯಿತು ಎಂದು ಅವರಿಗೆ ತಿಳಿಸಿ ಹೇಳಬೇಕಾಗುತ್ತದೆ.

ನಲವತ್ತು ದಿನ ದಾಟಿಯೂ ರಕ್ತ ಹೋಗುತ್ತಿದ್ದರೆ ಹನಫಿ ಪಂಥ ಅದನ್ನು ನಿಫಾಸ್ ಎಂದು ಕರೆಯುವುದಿಲ್ಲ. ನಮಾಜು, ರೋಜಾ ಎರಡೂ ಮತ್ತೆ ಕಡ್ಡಾಯ ಎನ್ನುತ್ತದೆ. ಇಲ್ಲಿ ನಾನು ಗಟ್ಟಿಯಾಗಿ ಒಂದು ಮಾತು ಸೇರಿಸಬೇಕು. ಹೆರಿಗೆಯ ಸ್ರಾವ ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳಲ್ಲಿ ನಿಲ್ಲುತ್ತದೆ. ಅದಕ್ಕೂ ಮೀರಿ ಕೆಂಪು ರಕ್ತ ಹೋಗುತ್ತಿದ್ದರೆ, ಗಡ್ಡೆ ಗಡ್ಡೆಯಾಗಿ ಬೀಳುತ್ತಿದ್ದರೆ, ದುರ್ವಾಸನೆ ಇದ್ದರೆ, ಜ್ವರ ಬಂದರೆ ಅದು ಕಾಯಿಲೆ. ಕಾಯಿಲೆಯವರಿಗೆ ಕುರ್‌ಆನ್ ಎರಡನೆಯ ಅಧ್ಯಾಯದಲ್ಲೇ ರೋಜಾದಿಂದ ಬಿಡುವು ಕೊಟ್ಟಿದೆ. ಅವಳು ಮೊದಲು ಹೋಗಬೇಕಾದ್ದು ಆಸ್ಪತ್ರೆಗೆ. ಆಶಾ ಕಾರ್ಯಕರ್ತೆಯರು ಹುಟ್ಟಿದ ಮಗುವನ್ನು ನೋಡಲು ಮನೆಗೆ ಬರುವ ದಿನಗಳು 3, 7, 14, 21, 28 ಮತ್ತು 42. ಆ ಕೊನೆಯ ಭೇಟಿ ಚಿಲ್ಲಾ ಮುಗಿದು ಎರಡೇ ದಿನಕ್ಕೆ ಬೀಳುತ್ತದೆ. ‘ಇನ್ನೂ ರಕ್ತ ಹೋಗ್ತೈತೇನವಾ?’ ಎಂದು ಅಂದು ಕೇಳುವ ಆಶಾ ಒಂದು ಜೀವ ಉಳಿಸಬಲ್ಲಳು. ಅವಳಿಗೆ ಬಾಗಿಲು ತೆರೆದು ಕೂರಿಸಿ ಮಾತಾಡಿಸಿ.

ರಕ್ತದ ಮಾತು ಬೆಳಗಾವಿ ಜಿಲ್ಲೆಗೆ ಹೊಸದಲ್ಲ. ಹೆರಿಗೆಯ ಹೊತ್ತಿನ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಅಗ್ಗದ ಗುಳಿಗೆ ಹಳ್ಳಿಗಳಲ್ಲೂ ಕೆಲಸ ಮಾಡುತ್ತದೆ ಎಂದು ಜಗತ್ತಿಗೆ ತೋರಿಸಿದ ಅಧ್ಯಯನ ನಡೆದದ್ದು ಇದೇ ಜಿಲ್ಲೆಯಲ್ಲಿ. ಇಲ್ಲಿನ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ ಅದನ್ನು ಮಾಡಿದರು. ಹಳ್ಳಿಯ ಎಎನ್‌ಎಂ ಸಹೋದರಿಯರು, ಅಂದರೆ ಕಿರಿಯ ಆರೋಗ್ಯ ಸಹಾಯಕಿಯರು, ಹೆರಿಗೆ ಮಾಡಿಸಿದ 1620 ತಾಯಂದಿರು ಅದರಲ್ಲಿದ್ದರು. ಗುಳಿಗೆ ಪಡೆಯದವರಲ್ಲಿ ನೂರಕ್ಕೆ 12 ಮಂದಿಗೆ ಅತಿ ರಕ್ತಸ್ರಾವವಾದರೆ, ಪಡೆದವರಲ್ಲಿ 6.4ಕ್ಕೆ ಇಳಿಯಿತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು. ಆ ತಾಯಂದಿರ ಊರುಗಳ ಮಕ್ಕಳೇ ಇವತ್ತು ತಾವೂ ತಾಯಂದಿರಾಗಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇತ್ತು. ಬಾಣಂತಿ ರೋಜಾ ಹಿಡಿಯಬಹುದೇ ಎಂದು ಕೇಳುವ ಮೊದಲು ಅವಳ ಮೈಯಲ್ಲಿ ರಕ್ತ ಎಷ್ಟಿದೆ ಎಂದು ಕೇಳಬೇಕು. ಹೆರಿಗೆಯ ನಂತರ 180 ದಿನ ಕಬ್ಬಿಣದ ಗುಳಿಗೆ ನುಂಗಬೇಕೆಂದು ಸರ್ಕಾರ ಉಚಿತವಾಗಿ ಕೊಡುತ್ತದೆ. ರೋಜಾ ಶುರುವಾದೊಡನೆ ಅದನ್ನು ಬಿಟ್ಟುಬಿಡುವವರು ಬಹಳ. ಬಿಡುವ ಅಗತ್ಯವಿಲ್ಲ, ರಾತ್ರಿ ಊಟದ ನಂತರ ನುಂಗಿದರಾಯಿತು.

ಇನ್ನು ನಿಫಾಸ್ ಮುಗಿದು ಹಾಲೂಡಿಸುತ್ತಿರುವ ತಾಯಿ. ಇವಳ ವಿಷಯ ಬೇರೆ. ಇವಳಿಗೆ ರೋಜಾ ನಿಷಿದ್ಧವಲ್ಲ, ಬಿಡಲು ಅನುಮತಿ ಇದೆ. ಪ್ರಯಾಣಿಕನಿಗೆ ಅರ್ಧ ನಮಾಜು ಮತ್ತು ರೋಜಾವನ್ನು, ಬಸುರಿಗೂ ಹಾಲೂಡಿಸುವವಳಿಗೂ ರೋಜಾವನ್ನು ಅಲ್ಲಾಹನು ಇಳಿಸಿಕೊಟ್ಟಿದ್ದಾನೆ ಎಂಬ ಹದೀಸ್ ಇದಕ್ಕೆ ಆಧಾರ. ತನಗೆ ಅಥವಾ ಮಗುವಿಗೆ ತೊಂದರೆಯಾದೀತು ಎಂಬ ನಿಜವಾದ ಅಂಜಿಕೆ ಇದ್ದರೆ ಸಾಕು. ಆ ಅಂಜಿಕೆ ಬರುವುದು ತನ್ನ ಹಿಂದಿನ ಅನುಭವದಿಂದ, ಲಕ್ಷಣಗಳಿಂದ ಅಥವಾ ತಿಳಿದ ವೈದ್ಯರ ಮಾತಿನಿಂದ. ಬಿಟ್ಟದ್ದಕ್ಕೆ ಹನಫಿ ಪಂಥದಲ್ಲಿ ಕಜಾ ಮಾತ್ರ, ಅಂದರೆ ಒಂದು ದಿನಕ್ಕೆ ಮುಂದೆ ಒಂದು ದಿನ. ಮಗುವಿಗಾಗಿ ಮಾತ್ರ ಬಿಟ್ಟಿದ್ದರೆ ಶಾಫಿ ಪಂಥದವರು ಕಜಾದ ಜೊತೆ ಬಡವರಿಗೆ ಅನ್ನ ಕೊಡುವ ಫಿದ್ಯಾವನ್ನೂ ಹೇಳುತ್ತಾರೆ. ಇಬ್ನ್ ಅಬ್ಬಾಸರಂಥ ಪ್ರವಾದಿಯವರ ಸಂಗಾತಿಗಳು ಇಂಥ ತಾಯಿಗೆ ಫಿದ್ಯಾ ಒಂದೇ ಸಾಕು ಎಂದದ್ದೂ ದಾಖಲಾಗಿದೆ. ಅದು ನಮ್ಮ ಸೀಮೆಯಲ್ಲಿ ನಡೆಯುವ ಮತವಲ್ಲ. ಆದರೆ ತಾಯಿಯ ಕಷ್ಟವನ್ನು ಹಿರಿಯರು ಎಷ್ಟು ಆಳವಾಗಿ ಯೋಚಿಸಿದ್ದರು ಎಂಬುದಕ್ಕೆ ಅದು ಸಾಕ್ಷಿ.

ನಮ್ಮ ಹೆಣ್ಣುಮಕ್ಕಳನ್ನು ಅತಿ ಹೆಚ್ಚು ಕಾಡುವ ಭಯ ಕಫ್ಫಾರಾದ್ದು, ಅಂದರೆ ರೋಜಾ ಮುರಿದುದರ ಪ್ರಾಯಶ್ಚಿತ್ತದ್ದು. ನಸುಕಿನ ಸಹರಿ ಊಟ ಉಂಡು ರೋಜಾ ಹಿಡಿದಾಗಿದೆ. ಮಧ್ಯಾಹ್ನ ಮೂರಕ್ಕೆ ಕಣ್ಣು ಕತ್ತಲೆ ಬರುತ್ತದೆ, ಕೂಸು ಎದೆ ಕಚ್ಚಿ ಅಳುತ್ತದೆ, ಹಾಲಿಲ್ಲ. ಹಿಡಿದ ರೋಜಾ ಮುರಿದರೆ 60 ದಿನ ಒಂದೇ ಸಮನೆ ಉಪವಾಸ ಮಾಡಬೇಕಾದೀತು ಎಂದು ಹೆದರಿ ಅವಳು ಹಲ್ಲು ಕಚ್ಚಿ ಸೂರ್ಯಾಸ್ತ ಕಾಯುತ್ತಾಳೆ. ಖಾನಾಪುರದ ಕಡೆ ಒಬ್ಬ ತಾಯಿ ನನ್ನನ್ನು ಕೇಳಿದ್ದೂ ಇದನ್ನೇ: “ಆಪಾ, ನಡಬರಕ ಬಿಟ್ಟರ ಅರವತ್ತ ಹಿಡೀಬೇಕಂತಲ್ರಿ, ಕೂಸ ಬಿಟ್ಟ ಅರವತ್ತ ಹೆಂಗ ಹಿಡೀಲಿ?” ಕಾರಣವಿಲ್ಲದೆ ಬೇಕೆಂದೇ ಉಂಡು ಕುಡಿದು ರೋಜಾ ಮುರಿದವರಿಗೆ ಆ ಕಫ್ಫಾರಾ. ಜೀವಕ್ಕೆ, ಮಗುವಿಗೆ ತೊಂದರೆಯಾದೀತೆಂದು ಮುರಿದ ತಾಯಿಗೆ ಅದು ಇಲ್ಲ. ಆ ಒಂದು ದಿನಕ್ಕೆ ಒಂದೇ ದಿನ ಕಜಾ. ಈ ಒಂದು ಮಾತು ಪ್ರತಿ ಮನೆಗೆ ತಲುಪಿದರೆ ಎಷ್ಟು ಮಧ್ಯಾಹ್ನಗಳ ಸಂಕಟ ತಪ್ಪೀತು! ಹಾಲೂಡಿಸಿದರೆ ರೋಜಾ ಮುರಿಯುತ್ತದೆ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. ಮುರಿಯುವುದಿಲ್ಲ. ರೋಜಾದಲ್ಲಿರುವ ತಾಯಿ ಕೂಸಿಗೆ ಎಷ್ಟು ಸಲ ಬೇಕಾದರೂ ಹಾಲು ಕೊಡಬಹುದು.

ವೈದ್ಯ ವಿಜ್ಞಾನ ಏನು ಹೇಳುತ್ತದೆ? ಎದೆಹಾಲಿನಲ್ಲಿ ನೂರಕ್ಕೆ 87 ಪಾಲು ನೀರು. ಮೊದಲ ಆರು ತಿಂಗಳು ತಾಯಿಗೆ ದಿನಕ್ಕೆ 600 ಕಿಲೋ ಕ್ಯಾಲೊರಿ ಹೆಚ್ಚು ಆಹಾರ ಬೇಕು, ನಂತರದ ಆರು ತಿಂಗಳು 520 ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ನಿಗದಿ ಮಾಡಿದೆ. 1980ರ ದಶಕದಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ರೋಜಾ ಹಿಡಿದ ಹಾಲೂಡಿಸುವ ತಾಯಂದಿರನ್ನು ಪರೀಕ್ಷಿಸಿದಾಗ ಹಾಲಿನ ಪ್ರಮಾಣ ಕುಗ್ಗಲಿಲ್ಲ, ಆದರೆ ತಾಯಿಯ ಮೈಯ ನೀರು ಗಣನೀಯವಾಗಿ ಇಳಿಯಿತು, ಹಾಲಿನ ಲವಣಾಂಶದಲ್ಲಿ ಬದಲಾವಣೆ ಕಂಡಿತು. ತುರ್ಕಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಚಿಕ್ಕ ಅಧ್ಯಯನವೊಂದರಲ್ಲಿ ಹಾಲಿನ ಪ್ರೋಟೀನು, ಕೊಬ್ಬು, ಸಕ್ಕರೆ ಅಂಶ ಬದಲಾಗಲಿಲ್ಲ, ಸತು, ಮೆಗ್ನೀಸಿಯಮ್, ಪೊಟ್ಯಾಸಿಯಮ್ ಕಡಿಮೆಯಾದವು. ಅಂದರೆ ಸೃಷ್ಟಿಯ ನಿಯಮ ಕೂಸನ್ನು ಕಾಯುತ್ತದೆ, ತಾಯಿಯ ಮೈಯಿಂದ ತೆಗೆದು ಕಾಯುತ್ತದೆ. ಗಟ್ಟಿಮುಟ್ಟಾದ, ರಕ್ತ ಚೆನ್ನಾಗಿರುವ, ಕೂಸು ಎಂಟೊಂಬತ್ತು ತಿಂಗಳದ್ದಾಗಿ ಮೇಲಿನ ಆಹಾರ ತಿನ್ನುತ್ತಿರುವ ತಾಯಿ ರೋಜಾ ಹಿಡಿದರೆ ಭಯಪಡಬೇಕಾಗಿಲ್ಲ. ಎರಡು ತಿಂಗಳ ಕೂಸಿಗೆ ತನ್ನ ಹಾಲೊಂದೇ ಗತಿಯಾಗಿರುವ, ಹೊಲಿಗೆ ಇನ್ನೂ ನೋಯುತ್ತಿರುವ, ಬಿಳಿಚಿಕೊಂಡ ಮುಖದ ತಾಯಿ ಹಿಡಿಯಬಾರದು. ಇದು ನನ್ನ ಅಭಿಪ್ರಾಯ, ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ. ಹಿಡಿದವಳೂ ಒಂದು ಕಣ್ಣು ಕೂಸಿನ ಮೇಲಿಡಬೇಕು. ಹಗಲೂ ರಾತ್ರಿ ಸೇರಿ ಆರು ಸಲವಾದರೂ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿದರೆ, ಅಥವಾ ತನ್ನ ಮೂತ್ರ ಗಾಢ ಹಳದಿಯಾಗಿ ತಲೆ ತಿರುಗಿದರೆ ರೋಜಾ ಅಲ್ಲಿಗೇ ಬಿಡಬೇಕು.

ನಮ್ಮ ಭಾಗದ ಬಾಣಂತನದಲ್ಲಿ ಒಳ್ಳೆಯದು ಬಹಳ ಇದೆ. ಅಳವಿ ಪಾಯಸ, ಅಂಟಿನ ಉಂಡಿ, ಮುಸ್ಲಿಂ ಮನೆಗಳ ಹರೀರಾ, ಕೊಬ್ಬರಿ, ಉತ್ತತ್ತಿ. ಹಿಂದೂ ಮುಸ್ಲಿಂ ಎನ್ನದೆ ಒಂದೇ ಓಣಿಯ ಮನೆಗಳು ಈ ಉಂಡಿಗಳನ್ನು ಒಬ್ಬರಿಗೊಬ್ಬರು ಕಳಿಸುವುದುಂಟು. ಆದರೆ ಒಂದು ಕೆಟ್ಟ ರೂಢಿಯೂ ಜೊತೆಗಿದೆ. ಬಾಣಂತಿಗೆ ಸಾಕಷ್ಟು ನೀರು ಕೊಡುವುದಿಲ್ಲ. ಹೊಟ್ಟೆ ದಪ್ಪಗಾಗುತ್ತದೆ, ಥಂಡಿ ಹಿಡಿಯುತ್ತದೆ ಎಂದು ಗುಟುಕು ಗುಟುಕಾಗಿ ಅಳೆದು ಕೊಡುತ್ತಾರೆ. ಅದಕ್ಕೆ ರೋಜಾವೂ ಸೇರಿಬಿಟ್ಟರೆ ಸಂಜೆ ರೋಜಾ ಬಿಡುವ ಇಫ್ತಾರಿನಿಂದ ಸಹರಿಯವರೆಗೂ ಅವಳಿಗೆ ಸಾಕಷ್ಟು ನೀರು ಸಿಗುವುದಿಲ್ಲ. ರೋಜಾ ಹಿಡಿದಿರಲಿ ಬಿಟ್ಟಿರಲಿ, ಹಾಲೂಡಿಸುವವಳ ತಲೆದೆಸೆಗೆ ತುಂಬಿದ ತಂಬಿಗೆ ಇರಲೇಬೇಕು.

ಉಣ್ಣುವುದರ ನಾಚಿಕೆ ಇನ್ನೊಂದು ದೊಡ್ಡ ವಿಷಯ. ಮನೆಮಂದಿಯೆಲ್ಲ ರೋಜಾದಲ್ಲಿರುವಾಗ, ಸಣ್ಣ ಮಕ್ಕಳೂ ಹಟ ಹಿಡಿದು ಅರ್ಧ ದಿನ ಉಪವಾಸ ಇರುವಾಗ, ನಾನೊಬ್ಬಳು ತಿನ್ನುವುದೇ ಎಂದು ಬಾಣಂತಿ ಅಡುಗೆಮನೆಯ ಮೂಲೆಯಲ್ಲಿ ಬಾಗಿಲು ಓರೆ ಮಾಡಿ ಎರಡು ತುತ್ತು ಬಾಯಿಗಿಟ್ಟುಕೊಂಡು ಏಳುತ್ತಾಳೆ. ಮಾವನೋ ಮೈದುನನೋ ಬಂದರೆ ತಟ್ಟೆ ಮುಚ್ಚಿಡುತ್ತಾಳೆ. ಮೇಲಾಗಿ ಇಫ್ತಾರಿಗೆ ಸಮೋಸಾ, ಭಜಿ ಕರಿಯುವ ಕೆಲಸವೂ ಅವಳ ಪಾಲಿಗೇ ಬರುತ್ತದೆ, ಏಕೆಂದರೆ ಅವಳಿಗೆ ‘ರೋಜಾ ಇಲ್ಲವಲ್ಲ’. ಇದು ಅನ್ಯಾಯ. ಅವಳು ಉಣ್ಣುವುದೇ ಆ ಹೊತ್ತಿನ ಅವಳ ಧರ್ಮ ಎಂದು ಮನೆಯ ಗಂಡಸರ ಮುಂದೆ ಹೇಳುವ ಹಿರಿಯ ಹೆಂಗಸು ಪ್ರತಿ ಮನೆಯಲ್ಲೂ ಬೇಕು. ಕರ್ನಾಟಕ ಸರ್ಕಾರ 2017ರ ಅಕ್ಟೋಬರ್ 2ರಂದು ಆರಂಭಿಸಿದ ಮಾತೃಪೂರ್ಣ ಯೋಜನೆಯಲ್ಲಿ ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನ ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ ಸಿಗುತ್ತದೆ. ರಂಜಾನಿನಲ್ಲಿ ಹಗಲಿಗೆ ಓಣಿಯ ಮುಂದೆ ನಡೆದು ಹೋಗಿ ಅಂಗನವಾಡಿಯಲ್ಲಿ ಕುಳಿತು ಉಣ್ಣುವ ಧೈರ್ಯ ಎಷ್ಟು ಜನ ಮುಸ್ಲಿಂ ತಾಯಂದಿರಿಗೆ ಇದ್ದೀತು? ಕೋವಿಡ್ ಕಾಲದಲ್ಲಿ ಆಹಾರ ಸಾಮಗ್ರಿಯನ್ನು ಮನೆಗೇ ಕೊಟ್ಟ ಅನುಭವ ಈ ಯೋಜನೆ ನಡೆಸುವ ಇಲಾಖೆಗೆ ಇದೆ. ರಂಜಾನಿನ ಒಂದು ತಿಂಗಳು ಕೇಳಿದ ತಾಯಂದಿರಿಗೆ ಹಾಗೆಯೇ ಕೊಡಬಹುದು.

ಮನಸ್ಸಿನ ಮಾತನ್ನೂ ಬಿಡುವಂತಿಲ್ಲ. ಕನ್ನಡಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ತಂದುಕೊಟ್ಟ ಹಾಸನದ ಬಾನು ಮುಷ್ತಾಕ್ ಅವರು ತಮ್ಮ 29ನೆಯ ವಯಸ್ಸಿನಲ್ಲಿ ಬಾಣಂತನದ ಖಿನ್ನತೆಯಲ್ಲಿ ಬಳಲಿದ್ದನ್ನು ಸಂದರ್ಶನಗಳಲ್ಲಿ ಮುಕ್ತವಾಗಿ ಹೇಳಿಕೊಂಡಿದ್ದಾರೆ. ಅಷ್ಟು ಗಟ್ಟಿ ಜೀವವೇ ಆ ದಿನಗಳಲ್ಲಿ ಕುಸಿದಿತ್ತು ಎಂದ ಮೇಲೆ, ರಂಜಾನಿನ ರಾತ್ರಿ ಇಡೀ ಮನೆ ತರಾವೀಹ್ ನಮಾಜಿನಲ್ಲಿರುವಾಗ ಒಳಗಿನ ಕೋಣೆಯಲ್ಲಿ ನಮಾಜೂ ಇಲ್ಲದೆ ರೋಜಾವೂ ಇಲ್ಲದೆ ಒಂಟಿಯಾಗಿ ಕುಳಿತ ಇಪ್ಪತ್ತರ ಹುಡುಗಿಯ ಮನಸ್ಸು ಹೇಗಿದ್ದೀತು? ಅವಳಿಗೆ ದುಆ ಎಂಬ ಪ್ರಾರ್ಥನೆ ಉಂಟು, ಝಿಕ್ರ್ ಎಂಬ ದೇವಸ್ಮರಣೆ ಉಂಟು, ಕುರ್‌ಆನ್ ಪಾರಾಯಣ ಕೇಳುವುದು ಉಂಟು, ದಾನ ಉಂಟು. ಆ ತಿಂಗಳ ಪುಣ್ಯದಿಂದ ಅವಳನ್ನು ಯಾರೂ ಹೊರಗಿಟ್ಟಿಲ್ಲ. ತಾನು ಕೊಟ್ಟ ರಿಯಾಯಿತಿಗಳನ್ನು ಜನ ಬಳಸಿಕೊಳ್ಳುವುದು ಅಲ್ಲಾಹನಿಗೆ ಇಷ್ಟ ಎಂದು ಪ್ರವಾದಿಯವರು ಹೇಳಿದ್ದು ಅವಳ ಕಿವಿಗೆ ಬೀಳಬೇಕು.

ಈಗ ಬಾಕಿಯ ಲೆಕ್ಕ. ನಿಫಾಸಿನಲ್ಲಿ ತಪ್ಪಿದ ನಮಾಜುಗಳು ಪೂರ್ತಿ ಮಾಫಿ. ತಪ್ಪಿದ ರೋಜಾಗಳನ್ನು ಮಾತ್ರ ಮುಂದೆ ಹಿಡಿಯಬೇಕು. ಮೂರು ಮಕ್ಕಳ ತಾಯಿಯೊಬ್ಬಳು ಪ್ರತಿ ಮಗುವಿಗೆ ಬಸುರಿನಲ್ಲೊಂದು, ಹಾಲೂಡಿಸುವಾಗ ಒಂದು ರಂಜಾನ್ ಬಿಟ್ಟಳು ಎನ್ನಿ. ಆರು ರಂಜಾನ್, ಅಂದರೆ ಸುಮಾರು 180 ದಿನ ಬಾಕಿ. ಪ್ರತಿ ವರ್ಷದ ಮುಟ್ಟಿನ ದಿನಗಳು ಬೇರೆ. ವಾರಕ್ಕೊಂದರಂತೆ ತೀರಿಸಿದರೂ ಮೂರು ವರ್ಷ ಐದಾರು ತಿಂಗಳು ಬೇಕು. ರಂಜಾನಿನಲ್ಲಿ ಇಡೀ ಊರೇ ಜೊತೆಗಿರುತ್ತದೆ, ಸಹರಿಗೆ ಎಬ್ಬಿಸುವವರಿರುತ್ತಾರೆ. ಕಜಾ ರೋಜಾಕ್ಕೆ ಯಾರೂ ಇಲ್ಲ. ಅವಳೊಬ್ಬಳೇ ಕತ್ತಲಲ್ಲಿ ಎದ್ದು, ಉಳಿದವರಿಗೆ ಮೂರು ಹೊತ್ತು ಬೇಯಿಸಿ, ತಾನು ಹಸಿದಿರಬೇಕು. ಈ ಒಂಟಿತನಕ್ಕೆ ಅಂಜಿಯೇ ಅನೇಕರು ‘ಆಗೋದಾಗಲಿ, ಎಲ್ಲರ ಜೊತೀಗೆ ಈಗs ಹಿಡದ ಬಿಡೂಣು’ ಎಂದು ಎರಡು ತಿಂಗಳ ಕೂಸನ್ನಿಟ್ಟುಕೊಂಡು ರೋಜಾ ಹಿಡಿಯುತ್ತಾರೆ. ನಾನು ಕಂಡಂತೆ ಧರ್ಮಶ್ರದ್ಧೆಗಿಂತ ಈ ಲೆಕ್ಕಾಚಾರವೇ ಹೆಚ್ಚು ತಾಯಂದಿರನ್ನು ಹಸಿವಿಗೆ ದೂಡುತ್ತದೆ.

ಇದಕ್ಕೆ ದಾರಿ ಇದೆ. ಕಜಾ ರೋಜಾಗಳನ್ನು ಸಾಲಾಗಿ ಹಿಡಿಯಬೇಕೆಂಬ ನಿಯಮವಿಲ್ಲ. ಬೆಳಗಾವಿಯಲ್ಲಿ ಡಿಸೆಂಬರಿನ ರೋಜಾ ಹನ್ನೆರಡೂವರೆ ಗಂಟೆಯಷ್ಟು, ಜೂನಿನದು 14 ಗಂಟೆಗೂ ಹೆಚ್ಚು. 2019ರಲ್ಲಿ ಮೇ ತಿಂಗಳ ಬಿಸಿಲಲ್ಲಿ ಬಿಟ್ಟ ರೋಜಾವನ್ನು ಖಾನಾಪುರದ ಚಳಿಗಾಲದ ಚಿಕ್ಕ ಹಗಲಿನಲ್ಲಿ ತೀರಿಸಲು ಶಾಸ್ತ್ರದ ಅಡ್ಡಿಯಿಲ್ಲ. ಬರುವ ವರ್ಷಗಳಲ್ಲಿ ರಂಜಾನೇ ಚಳಿಗಾಲಕ್ಕೆ ಸರಿಯುತ್ತಿದೆ. 2030ರಲ್ಲಿ ಜನವರಿಯಲ್ಲೊಂದು, ಡಿಸೆಂಬರಿನಲ್ಲೊಂದು, ಹೀಗೆ ಎರಡು ರಂಜಾನ್ ಶುರುವಾಗುತ್ತವೆ. ಬದುಕಿರುವವರ ರೋಜಾವನ್ನು ಇನ್ನೊಬ್ಬರು ಹಿಡಿಯಲಾಗದು, ನಿಜ. ಆದರೆ ಆ ದಿನ ಒಲೆಯ ಮುಂದೆ ಇನ್ನೊಬ್ಬರು ನಿಲ್ಲಬಹುದು. ಗಂಡ ಸಹರಿಗೆ ಎದ್ದು ಚಹಾ ಕಾಸಬಹುದು. ಅತ್ತೆ ಕೂಸನ್ನು ಎತ್ತಿಕೊಳ್ಳಬಹುದು. ನಾದಿನಿಗೂ ಮುಟ್ಟಿನ ಬಾಕಿ ಇರುತ್ತದೆ, ಇಬ್ಬರೂ ಒಂದೇ ದಿನ ಹಿಡಿಯಬಹುದು.

ಇದನ್ನೆಲ್ಲ ಯಾರು, ಯಾವ ಭಾಷೆಯಲ್ಲಿ ಹೇಳಬೇಕು? ಬೆಳಗಾವಿ ಕೋಟೆಯೊಳಗಿನ ಸಫಾ ಮಸೀದಿಯನ್ನು 16ನೆಯ ಶತಮಾನದಲ್ಲಿ ಆದಿಲಶಾಹಿ ಸರದಾರ ಅಸದ್ ಖಾನ್ ಕಟ್ಟಿಸಿದ. ಮಸೀದಿಗಿಂತ ಹಳೆಯವಾದ ಅದರ ಕಂಬಗಳಲ್ಲಿ ನಾಗರಿ ಲಿಪಿಯಲ್ಲಿ ಬರೆದ ಕನ್ನಡ ಶಾಸನಗಳಿವೆ, ಒಂದು ರಟ್ಟ ದೊರೆ ನಾಲ್ಕನೆಯ ಕಾರ್ತವೀರ್ಯನ ಕಾಲದ್ದು. ಕನ್ನಡ ಅಲ್ಲಿ ಕಲ್ಲಿನಲ್ಲಿದೆ. ಆದರೆ ಇವತ್ತು ನಮ್ಮ ಬಹುಪಾಲು ಮಸೀದಿಗಳಲ್ಲಿ ಶುಕ್ರವಾರದ ಪ್ರವಚನ ಉರ್ದುವಿನಲ್ಲಿ ನಡೆಯುತ್ತದೆ, ಕೇಳುವವರು ಗಂಡಸರು. ಬೀಡಿ, ಇಟಗಿ ಕಡೆಯ ಹುಡುಗಿ ಓದಿದ್ದು ಕನ್ನಡ ಶಾಲೆಯಲ್ಲಿ, ಲೋಂಡಾ ಕಡೆಯವಳು ಮರಾಠಿಯಲ್ಲಿ. ಮನೆಯಲ್ಲಿ ದಖನಿ ಆಡಿದರೂ ಉರ್ದು ಕಿತಾಬು ಅವಳಿಗೆ ಓದಲು ಬಾರದು. ಭೀಮಗಡ ಕಾಡಿನಂಚಿನ ಊರುಗಳಲ್ಲಿ ಮಳೆಗಾಲಕ್ಕೆ ರೋಗಿಯನ್ನು ಹೊತ್ತು ತರಬೇಕಾದ ಪರಿಸ್ಥಿತಿ ಇನ್ನೂ ಇದೆ. ಅಲ್ಲಿಗೆ ವೈದ್ಯರಿಗಿಂತ ಮೊದಲು ಮುಟ್ಟುವುದು ಬಾಯಿಮಾತು.

ಆದ್ದರಿಂದ ಬೆಳಗಾವಿ ಮತ್ತು ಖಾನಾಪುರದ ಮಸೀದಿಗಳ ಇಮಾಮರಲ್ಲಿ, ಜಮಾತುಗಳ ಹಿರಿಯರಲ್ಲಿ ಕೈಮುಗಿದು ಕೇಳುತ್ತೇನೆ. ರಂಜಾನಿಗೆ ಮುಂಚಿನ ಶಾಬಾನ್ ತಿಂಗಳ ಕೊನೆಯ ಶುಕ್ರವಾರ ಹತ್ತು ನಿಮಿಷ ಈ ವಿಷಯಕ್ಕೆ ಕೊಡಿ. ನಿಫಾಸಿನಲ್ಲಿ ರೋಜಾ ಇಲ್ಲ, ಹಾಲೂಡಿಸುವವಳಿಗೆ ಬಿಡುವು ಇದೆ, ತೊಂದರೆಯಾಗಿ ಮುರಿದರೆ ಕಫ್ಫಾರಾ ಇಲ್ಲ, ಬಾಕಿ ತೀರಿಸುವಾಗ ಮನೆಯ ಗಂಡಸರು ಜೊತೆಗಿರಬೇಕು ಎಂಬ ನಾಲ್ಕು ಮಾತನ್ನು ಉರ್ದುವಿನಲ್ಲೂ ಕನ್ನಡದಲ್ಲೂ, ಬೇಕಾದಲ್ಲಿ ಮರಾಠಿಯಲ್ಲೂ ಹೇಳಿ. ಮನೆಗಳಲ್ಲಿ ಹೆಂಗಸರು ಸೇರುವ ತಾಲೀಮುಗಳಿಗೆ, ಅಂದರೆ ಧರ್ಮಪಾಠದ ಕೂಟಗಳಿಗೆ, ಒಬ್ಬ ನರ್ಸನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆಯಿರಿ. ಅದೇ ಮಾತನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹೆರಿಗೆ ವಾರ್ಡುಗಳಿಗೆ ಹಂಚುವ ಕೆಲಸಕ್ಕೆ ಈ ದತ್ತಿ ಉಪನ್ಯಾಸದ ಸಂಭಾವನೆಯನ್ನು ನಾನು ಸಮಿತಿಗೇ ಮರಳಿ ಒಪ್ಪಿಸುತ್ತಿದ್ದೇನೆ.